ಸೌಮ್ಯಶ್ರೀ ಹಂಚಿದ ಒತ್ತಕ್ಷರದ ಕೋಡ್

ಚನ್ನಪಟ್ಟಣದ ಶರ್ಫುನ್ನೀಸಾ ಫೋನನ್ನು ಒಮ್ಮೆ ಹತ್ತಿರ ಹಿಡಿದು, ಒಮ್ಮೆ ದೂರ ಹಿಡಿದು, ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿ ಕೇಳಿದರು:

“ಈ ಶರ್ಫುನ್ ಅನ್ನೋಳು ಯಾರಮ್ಮ?”

ಎದುರಿಗೆ ಕೂತಿದ್ದ ಸೌಮ್ಯಶ್ರೀಗೆ ತಕ್ಷಣ ಅರ್ಥವಾಗಲಿಲ್ಲ. ಅರಗಿನ ಬಣ್ಣದ ಮರದ ಗೊಂಬೆ ಮಾಡುವ ಹೆಂಗಸರ ಸಂಘವೊಂದಕ್ಕೆ ಅವಳು ವೆಬ್‌ಸೈಟ್ ಮಾಡಿಕೊಟ್ಟಿದ್ದಳು. ಒಂದೊಂದು ಗೊಂಬೆಯ ಚಿತ್ರದ ಕೆಳಗೂ ಅದನ್ನು ಮಾಡಿದವರ ಹೆಸರು ಕನ್ನಡದಲ್ಲೇ ಬರಬೇಕು ಎಂಬುದು ಶರ್ಫುನ್ನೀಸಾರ ಹಟ. ಹೆಸರೇನೋ ಬಂದಿತ್ತು. ಆದರೆ ಫೋನಿನ ಚಿಕ್ಕ ಪರದೆಯಲ್ಲಿ ಜಾಗ ಸಾಲದೆ, ಉದ್ದದ ಹೆಸರುಗಳನ್ನು ಕತ್ತರಿಸಿ ಮುಂದೆ ಚುಕ್ಕಿಗಳನ್ನು ಇಡುವಂತೆ ಅವಳು ಬರೆದಿದ್ದಳು. ಕತ್ತರಿ ಬಿದ್ದದ್ದು ‘ನ್ನೀ’ ಅಕ್ಷರದ ನಟ್ಟನಡುವೆ.

“ನೀವೇ ಕಣಕ್ಕ ಅದು,” ಎಂದಳು ಸೌಮ್ಯಶ್ರೀ, ಮುಖ ತಗ್ಗಿಸಿ.

“ನಾನಾ! ನಮ್ಮಪ್ಪ ಅಷ್ಟುದ್ದ ಹೆಸ್ರಿಟ್ರೆ ನಿನ್ ಫೋನು ಅರ್ಧ ತಿಂದಾಕ್ಬುಡ್ತಲ್ಲ,” ಎಂದು ಶರ್ಫುನ್ನೀಸಾ ಗಟ್ಟಿಯಾಗಿ ನಕ್ಕರು. ನಕ್ಕ ಮೇಲೆ ಮೆತ್ತಗೆ ಸೇರಿಸಿದರು: “ಒಸಿ ಸರಿ ಮಾಡಮ್ಮ. ಗೊಂಬೆ ಕಾಲು ಮುರುದ್ರೆ ನಾವು ಅಂಗಡಿಗೆ ಕೊಡಾಕಿಲ್ಲ. ಇದೂ ಅಂಗೇ ತಾನೆ?”

ರಾಮನಗರಕ್ಕೆ ಮರಳುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಸೌಮ್ಯಶ್ರೀಗೆ ಆ ಮಾತು ಬಿಡಲಿಲ್ಲ.

ಅವಳು ರಾಮನಗರದ ಐಜೂರಿನವಳು. ತಂದೆ ನಂಜಪ್ಪನವರದು ಹಳೆಯ ಪ್ರಿಂಟಿಂಗ್ ಪ್ರೆಸ್. ಊರಿನ ಅರ್ಧ ಲಗ್ನಪತ್ರಿಕೆಗಳು ಅಲ್ಲಿಂದಲೇ ಹೋಗುತ್ತಿದ್ದವು. ಡಿಪ್ಲೊಮಾ ಮುಗಿಸಿದ ಸೌಮ್ಯಶ್ರೀ ಅದೇ ಊರಿನ ಕಂಪ್ಯೂಟರ್ ಸೆಂಟರೊಂದರಲ್ಲಿ ಪಾಠ ಹೇಳಿಕೊಡುತ್ತಿದ್ದಳು, ಬಿಡುವಿನಲ್ಲಿ ಅಂಗಡಿಗಳಿಗೆ, ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದಳು. ಅದನ್ನು ಅವಳಿಗೆ ಯಾರೂ ಕೂರಿಸಿಕೊಂಡು ಕಲಿಸಿರಲಿಲ್ಲ. ಕಲಿಸಿದವರು ಮುಖವೇ ಕಾಣದ ಜನ. ಯಾವ ದೇಶದವರೋ ಏನೋ, ನಾಲ್ಕು ಸಾಲು ಕೋಡ್ ಬರೆದು, ‘ಬೇಕಾದವರು ತೆಗೆದುಕೊಳ್ಳಿ’ ಎಂದು ಇಟ್ಟು ಹೋಗಿರುತ್ತಿದ್ದರು. ಅವಳು ಮೊಟ್ಟಮೊದಲು ಅಂಥ ನಾಲ್ಕು ಸಾಲನ್ನು ತಂದು ತನ್ನ ಪುಟಕ್ಕೆ ಅಂಟಿಸಿದಾಗ, ಸತ್ತಂತೆ ಬಿದ್ದಿದ್ದ ಒಂದು ಗುಂಡಿ ಬೆರಳು ತಾಕಿದೊಡನೆ ಬಣ್ಣ ತುಂಬಿಕೊಂಡು ಮೇಲೆದ್ದಿತ್ತು. ಆ ದಿನ ಅವಳು ಆ ಗುಂಡಿಯನ್ನು ಸುಮ್ಮನೆ ಒತ್ತುತ್ತಲೇ ಕೂತಿದ್ದಳು. ಇದನ್ನು ಬರೆದವನು ಎಲ್ಲಿದ್ದಾನೆ, ಊಟ ಮಾಡಿದನೋ ಮಲಗಿದನೋ, ರಾಮನಗರದ ಒಬ್ಬ ಹುಡುಗಿಗೆ ಸಹಾಯ ಮಾಡಿದೆ ಎಂದು ಅವನಿಗೆ ಗೊತ್ತೇ ಆಗುವುದಿಲ್ಲವಲ್ಲ ಎಂದು ಬೆರಗಾಗಿತ್ತು.

ಆ ಬೆರಗು ತೀರದೆ, ಪಾಠ ಹೇಳಲು ಶುರು ಮಾಡಿದ ಮೇಲೆ ತಾನೂ ಅಂಥ ಕೋಡ್ ತುಂಡುಗಳನ್ನು ಕೂಡಿಸಿ ಹಂಚತೊಡಗಿದಳು. ಬರಹದ ಪೆಟ್ಟಿಗೆಯನ್ನು ಪುಟದ ನಡುವಿಗೆ ತರುವುದು ಹೇಗೆ, ಸಂಖ್ಯೆಗೆ ಲಕ್ಷ ಕೋಟಿಯ ಲೆಕ್ಕದಲ್ಲಿ ಅಲ್ಪವಿರಾಮ ಹಾಕುವುದು ಹೇಗೆ, ತಾರೀಖನ್ನು ಕನ್ನಡದಲ್ಲಿ ತೋರಿಸುವುದು ಹೇಗೆ, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು ಹೇಗೆ, ಎಲ್ಲ ಒಂದೇ ಹಾಳೆಯಲ್ಲಿ. ಪ್ರತಿ ತುಂಡಿನ ತಲೆಯ ಮೇಲೂ ಅದು ಏನು ಮಾಡುತ್ತದೆ ಎಂಬ ವಿವರಣೆ ಕನ್ನಡದಲ್ಲಿ. ಮಕ್ಕಳು ಅದನ್ನು ‘ಚೀಟ್ ಶೀಟ್’ ಎನ್ನುತ್ತಿದ್ದರು. ಆ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗ ನಂಜಪ್ಪ ಅನ್ನದ ತಟ್ಟೆಯಿಂದ ಕೈ ತೆಗೆದಿದ್ದರು.

“ಏನವ್ವ ಅದು, ಮೋಸದ ಆಳೆನಾ?”

“ಅಯ್ಯೋ ಅಲ್ಲ ಕಣಪ್ಪ. ಮರ್ತೋದಾಗ ಒಂದ್ಸಲ ಕಣ್ಣಾಡಿಸೋಕೆ ಇಟ್ಕೊಳೋ ಹಾಳೆ.”

“ಅಂಗಾದ್ರೆ ಸರಿ,” ಎಂದು ಅವರು ಮತ್ತೆ ಸಾರಿಗೆ ಕೈಯಿಟ್ಟರು. ಮುಂದಿನ ವಾರ ಲಗ್ನಪತ್ರಿಕೆಯ ಉಳಿಕೆ ರಟ್ಟಿನ ಮೇಲೆ ಆ ಹಾಳೆಯನ್ನು ಅಚ್ಚು ಹಾಕಿ ಒಂದು ಕಟ್ಟು ತಂದು ಮಗಳ ಮೇಜಿನ ಮೇಲಿಟ್ಟರು. ಅಂಚಿಗೆ ಬಾಳೆಕಂಬ, ಮಾವಿನ ತೋರಣದ ಚಿತ್ರ, ನಡುವೆ ಕೋಡ್. ಕನಕಪುರ, ಮಾಗಡಿಯ ಹಾಸ್ಟೆಲ್ ಗೋಡೆಗಳ ಮೇಲೆ ಅವು ಅಂಟಿಕೊಂಡವು ಎಂದು ಅವಳ ವಿದ್ಯಾರ್ಥಿಗಳು ಬಂದು ಹೇಳುತ್ತಿದ್ದರು.

ಈಗ ಶರ್ಫುನ್ನೀಸಾರ ಹೆಸರಿನ ತೊಂದರೆಗೆ ಮದ್ದು ಯಾವ ಹಾಳೆಯಲ್ಲೂ ಸಿಗಲಿಲ್ಲ. ನಾವು ‘ನ್ನೀ’ ಎಂದು ಒಂದೇ ಉಸಿರಿಗೆ ಓದುವುದನ್ನು ಯಂತ್ರ ಬಿಡಿ ಚೂರುಗಳಾಗಿ ಇಟ್ಟುಕೊಂಡಿರುತ್ತದೆ: ಒಂದು ನಕಾರ, ಅದನ್ನು ಅರ್ಧ ಮಾಡುವ ಗುರುತು, ಇನ್ನೊಂದು ನಕಾರ, ಮೇಲೊಂದು ದೀರ್ಘ. ಬ್ರೌಸರಿನೊಳಗೇ ಅಕ್ಷರ ಬಿಡಿಸುವ ಒಂದು ಸಲಕರಣೆಯಿದೆ. ಅದು ಗುಣಿತವನ್ನು ಸರಿಯಾಗಿ ಹಿಡಿಯುತ್ತಿತ್ತು, ಒತ್ತು ಬಂದ ಕಡೆ ಮಾತ್ರ ಒಂದನ್ನು ಎರಡು ಮಾಡುತ್ತಿತ್ತು.

ಭಾನುವಾರ ಪ್ರೆಸ್ಸಿನಲ್ಲಿ ಕೂತು ತಲೆ ಕೆಡಿಸಿಕೊಳ್ಳುತ್ತಿದ್ದ ಮಗಳನ್ನು ನಂಜಪ್ಪ ಏನೆಂದು ಕೇಳಿದರು. ಅವಳು ಹೇಳಿದಳು. ಅವರು ಒಳಗೆ ಹೋಗಿ, ಯಾವ ಕಾಲದಿಂದಲೋ ಮುಟ್ಟದಿದ್ದ ಒಂದು ಮರದ ಖಾನೆಯನ್ನು ಎಳೆದು ತಂದರು. ಅಚ್ಚು ಜೋಡಿಸುವ ಸೀಸದ ಮೊಳೆಗಳು, ಒಂದೊಂದರ ತುದಿಗೂ ಒಂದೊಂದು ಅಕ್ಷರ. ಹೆಬ್ಬೆರಳಲ್ಲಿ ಧೂಳು ಒರೆಸಿ ಒಂದು ನಕಾರವನ್ನು ಅವಳ ಅಂಗೈಯಲ್ಲಿಟ್ಟರು, ಅದರ ಬುಡಕ್ಕೆ ಹುರುಳಿ ಕಾಳಿನಷ್ಟು ಗಾತ್ರದ ಒತ್ತನ್ನು ತಾಗಿಸಿ ಹಿಡಿದರು.

“ಒತ್ತು ಅಂದ್ರೆ ಕಂಕುಳ ಕೂಸಿದ್ದಂಗೆ ಕಣವ್ವ. ಸಾಲು ತುಂಬ್ತು ಅಂತ ತಾಯ್ನ ಈ ಸಾಲ್ಗೆ ಇಟ್ಟು ಕೂಸ್ನ ಆ ಸಾಲ್ಗೆ ಹಾಕಕಾಯ್ತದಾ? ಹಾಕುದ್ರೆ ಮೊಳೆ ಜೋಡ್ಸದ್ ಕಲ್ಸಿದ ನಮ್ಮ ಮೇಷ್ಟ್ರು ಕೈ ಮೇಲೆ ಬಾರಿಸೋರು.”

ಸೌಮ್ಯಶ್ರೀ ಅಂಗೈಯನ್ನೇ ನೋಡುತ್ತಾ ಕೂತಳು. ಆಮೇಲೆ ಅಲ್ಲೇ ಲ್ಯಾಪ್‌ಟಾಪ್ ತೆಗೆದಳು. ಒಂದು ಚೂರು ಅರ್ಧಾಕ್ಷರದಲ್ಲಿ ಮುಗಿದರೆ, ಮುಂದಿನ ಚೂರನ್ನು ಅದಕ್ಕೇ ಸೇರಿಸು. ಇಷ್ಟೇ. ಅಂಗೈಯಗಲದ ಕೋಡ್. ಮೇಲೆ ತಂದೆಯ ಮಾತನ್ನೇ ವಿವರಣೆಯಾಗಿ ಬರೆದಳು: ‘ಒತ್ತು ಕಂಕುಳ ಕೂಸು. ತಾಯಿ ಒಂದು ಕಡೆ ಕೂಸು ಒಂದು ಕಡೆ ಆಗಬಾರದು.’ ಬರೆಯುವ ಆತುರದಲ್ಲಿ ಮೊದಲ ‘ಕೂಸು’ ‘ಕುಸು’ ಆಗಿದ್ದನ್ನು ಗಮನಿಸಲಿಲ್ಲ. ಶರ್ಫುನ್ನೀಸಾರ ಹೆಸರು ಈಗ ಇಡಿ ಅಕ್ಷರಕ್ಕೇ ನಿಲ್ಲುತ್ತಿತ್ತು. ಅದೇ ತುಂಡನ್ನು, ಅಕ್ಷರ ಎಣಿಸುವ ಇನ್ನೊಂದು ಚಿಕ್ಕ ತುಂಡಿನ ಜೊತೆ, ಎಲ್ಲರೂ ಕೋಡ್ ಹಂಚಿಕೊಳ್ಳುವ ಜಾಲತಾಣಕ್ಕೆ ಹಾಕಿದಳು. ಹಾಕಿ ಮರೆತಳು.

ಎರಡು ವರ್ಷ ಕಳೆದಿರಬೇಕು. ಸೆಂಟರಿನಲ್ಲಿ ಅವಳ ಜೊತೆ ಪಾಠ ಮಾಡುವ ಪ್ರತಿಮಾ ಮರಳವಾಡಿಯವಳು. ಅವರ ಹೊಸ ಮನೆಯ ಗೃಹಪ್ರವೇಶಕ್ಕೆ ಹೋದ ಸೌಮ್ಯಶ್ರೀ ಅಲ್ಲೇ ಉಳಿದಳು. ಬೆಳಿಗ್ಗೆ ಎದ್ದಾಗ ಪ್ರತಿಮಾಳ ತಾಯಿ ಚಿಕ್ಕಲಕ್ಷ್ಮಮ್ಮ ಹಾಲಿನ ಕ್ಯಾನು ಹಿಡಿದು ಹೊರಟಿದ್ದರು.

“ಡೈರಿಗೆ ಓಗ್ಬುಟ್ ಬತ್ತೀನಿ. ಬತ್ತೀಯೇನವ್ವ ನೀನೂ? ಊರು ನೋಡ್ದಂಗಾಯ್ತದೆ.”

ಡೈರಿಯ ಮುಂದೆ ಆಗಲೇ ಸಾಲು ನಿಂತಿತ್ತು. ಸೆಕ್ರೆಟರಿ ಅನಂತರಾಜು ಒಬ್ಬೊಬ್ಬರ ಹಾಲನ್ನೂ ಅಳೆದು ಸುರಿಸಿಕೊಳ್ಳುತ್ತಿದ್ದ. ಗೋಡೆಯ ಮೇಲೊಂದು ಪರದೆ. ಹಾಲು ಹಾಕಿದವರ ಹೆಸರು, ಪಕ್ಕದಲ್ಲಿ ಲೀಟರು, ಫ್ಯಾಟು. ಚಿಕ್ಕಲಕ್ಷ್ಮಮ್ಮನ ಸರದಿ ಬಂತು. ಅವರು ಕ್ಯಾನು ಬಗ್ಗಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ಪರದೆಯ ಕಡೆ ಬೆರಳು ಮಾಡಿದರು.

“ಅಗಾ, ನನ್ ಹೆಸ್ರು. ಎಷ್ಟ್ ಚೆಂದಾಗ್ ಕೂತದೆ ನೋಡವ್ವ! ಓದಾಕೆ ಅಂತ ಇದೊಂದ್ನೇ ಕಲ್ತಿರಾದು ನಾನು, ಕೆಳಗ್ ನೇತಾಡ್ತವಲ್ಲ ಒತ್ತುಗಳು, ಅವನ್ನ ನೋಡೇ ಗುರ್ತಿಡಿಯಾದು. ಮೊದ್ಲು ಅವು ಕಿತ್ತೋಗಿ ಬತ್ತಿದ್ವು. ಯಾರ್ದೋ ಹೆಸ್ರು ಅಂದ್ಕೊಂಡು ಎಷ್ಟೋ ದಿಸ ಇಲ್ಲೇ ನಿಂತಿರ್ತಿದ್ದೆ.”

ಸೌಮ್ಯಶ್ರೀ ತಲೆಯೆತ್ತಿದಳು. ಪರದೆಯ ಖಾನೆ ಕಿರಿದು, ಹೆಸರು ಉದ್ದ. ಕೊನೆಗೆ ಚುಕ್ಕಿಗಳಿದ್ದವು. ಆದರೆ ‘ಕ್ಷ್ಮ’ ಎಂಬ ಅಕ್ಷರ, ಒತ್ತಿನ ಕೆಳಗೆ ಒತ್ತು ಹೊತ್ತ ಆ ಅಕ್ಷರ, ಒಂದು ಚೂರೂ ಮುಕ್ಕಾಗದೆ ಇಡಿಯಾಗಿ ಕೂತು, ಅದರಾಚೆ ಚುಕ್ಕಿಗಳು ಶುರುವಾಗಿದ್ದವು. ಇದು ತನ್ನ ಕೋಡೇ? ಇರಲಾರದು ಎಂದುಕೊಂಡಳು. ಯಾರಾದರೂ ಬರೆದಿರಬಹುದು, ಇದೇನು ಮಹಾ ವಿದ್ಯೆ.

“ಅನಂತರಾಜಣ್ಣ, ಇದನ್ನ ಯಾರು ಮಾಡ್ಕೊಟ್ಟಿದ್ದು?”

“ಯಾರೋ ಉಬ್ಬಳ್ಳಿ ಕಡೆ ಉಡುಗ್ರಂತೆ ಮೇಡಂ. ನಂಗೇನ್ ಗೊತ್ತು, ಆನ್ ಮಾಡದೊಂದ್ ಗೊತ್ತು.” ಅವನು ಮೂಲೆಯ ಕಂಪ್ಯೂಟರಿನತ್ತ ಕೈ ತೋರಿಸಿದ. “ನೋಡ್ಬೇಕಾ? ನೋಡಿ, ಸಾಲು ಮುಗೀಲಿ.”

ಸಾಲು ಮುಗಿಯಿತು. ಆ ಪರದೆಯ ಮೇಲಿದ್ದದ್ದು ಒಂದು ವೆಬ್ ಪುಟವೇ. ಯಾವ ಪುಟದ ಹಿಂದಿನ ಬರಹವನ್ನಾದರೂ ಬ್ರೌಸರಿನಲ್ಲಿ ತೆರೆದು ನೋಡಬಹುದು, ಅವಳು ತೆರೆದಳು. ಇಂಗ್ಲಿಷಿನ ಸಾಲುಗಳು ಒಂದರ ಕೆಳಗೊಂದು ಜಾರುತ್ತಾ ಹೋದವು. ಇದ್ದಕ್ಕಿದ್ದಂತೆ ಅವುಗಳ ನಡುವೆ ಒಂದು ಕನ್ನಡ ಸಾಲು ನಿಂತಿತು.

‘ಒತ್ತು ಕಂಕುಳ ಕುಸು. ತಾಯಿ ಒಂದು ಕಡೆ ಕೂಸು ಒಂದು ಕಡೆ ಆಗಬಾರದು.’

ಅವಳ ತಪ್ಪು. ಅವಳ ಕೈತಪ್ಪು, ಅವಳ ಪ್ರೆಸ್ಸಿನ ಭಾನುವಾರ, ಅವಳಪ್ಪನ ಬಾಯಿಮಾತು. ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಮರಳವಾಡಿಯ ಹಾಲಿನ ಡೈರಿಗೆ ಬಂದು, ಈ ಹೆಂಗಸಿನ ಹೆಸರನ್ನು ದಿನವೂ ಬೆಳಿಗ್ಗೆ ಸಂಜೆ ಕಂಕುಳಲ್ಲಿ ಹೊತ್ತು ನಿಂತಿತ್ತು. 

“ಏನಾಯ್ತವ್ವ, ಕಣ್ಣಲ್ ನೀರು?” ಚಿಕ್ಕಲಕ್ಷ್ಮಮ್ಮ ಗಾಬರಿಯಾದರು. “ಹಿಂಡಿ ಧೂಳು ಬಿತ್ತಾ?”

“ಊಂ ಅಮ್ಮ, ಧೂಳು,” ಎಂದಳು. 

ಹಾರೋಹಳ್ಳಿಗೆ ಬಂದು ಕನಕಪುರದ ಬಸ್ಸು ಹತ್ತಿದವಳು, ಸೀಟು ಸಿಕ್ಕಿದ್ದೇ ಫೋನು ತೆಗೆದು ಆ ಕೋಡ್ ತಾಣದಲ್ಲಿ ‘ಕಂಕುಳ ಕುಸು’ ಎಂದು ಹುಡುಕಿದಳು. ಸರಿಯಾದ ಕನ್ನಡದಲ್ಲಿ ಆ ಪದವೇ ಇಲ್ಲ. ಆದ್ದರಿಂದ ಸಿಕ್ಕಿದ್ದೆಲ್ಲ ಅವಳದೇ. ಪುಟ ತೆರೆಯಿತು. ಬೆರಳು ಸರಿಸಿದಷ್ಟೂ ಇತ್ತು. ಧಾರವಾಡದ ಒಂದು ಗ್ರಂಥಾಲಯ. ಕರಾವಳಿಯ ಬಸ್ ವೇಳಾಪಟ್ಟಿ. ರಕ್ತದಾನಿಗಳ ಹೆಸರು ಹುಡುಕುವ ಪುಟ. ಮದುವೆಯ ಆಹ್ವಾನ ಮಾಡಿಕೊಡುವ ಆ್ಯಪ್. ತುಳು ಕಲಿಸುವ ತಾಣ. ಯಾರೂ ಅವಳನ್ನು ಕೇಳಿರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಒಬ್ಬನೂ ‘ಕುಸು’ವನ್ನು ತಿದ್ದಿರಲಿಲ್ಲ.

ಇನ್ನೂ ಕೆಳಗೆ ಹೋದಾಗ ಒಂದು ಕಡೆ ಕನ್ನಡ ಸಾಲಿನ ಕೆಳಗೆ ಯಾವುದೋ ಲಿಪಿ, ಬಳ್ಳಿಯಂತೆ ಸುತ್ತಿಕೊಂಡ ಅಕ್ಷರಗಳು. ಅದು ಕಾಂಬೋಡಿಯಾದವನೊಬ್ಬ ತನ್ನ ಭಾಷೆಯ ನಿಘಂಟಿಗೆ ಮಾಡಿಕೊಂಡದ್ದು. ಅವರ ಅಕ್ಷರಗಳಿಗೂ ಕೆಳಗೆ ಒತ್ತುಗಳಿವೆಯಂತೆ. ಅವಳ ತುಂಡನ್ನು ತನ್ನ ಲಿಪಿಗೆ ಹೊಂದಿಸಿಕೊಂಡು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದ: ಮೇಲಿನ ಸಾಲು ಏನೆಂದು ನನಗೆ ತಿಳಿಯದು. ಅದನ್ನು ತೆಗೆಯಲು ಧೈರ್ಯ ಬರಲಿಲ್ಲ.

ಕಂಡಕ್ಟರ್ ಟಿಕೆಟ್ ಕೇಳಿದ್ದು ಅವಳಿಗೆ ಕೇಳಿಸಲಿಲ್ಲ. ಹೊರಗೆ ಬಂಡೆಗಳು, ರೇಷ್ಮೆ ತೋಟಗಳು, ಇಟ್ಟಿಗೆ ಗೂಡುಗಳು ಸರಿಯುತ್ತಿದ್ದವು. ಎಂದೋ ಆ ಗುಂಡಿಯನ್ನು ಒತ್ತುತ್ತಾ ಕೂತಿದ್ದಾಗ ತಾನು ಯಾರನ್ನು ನೆನೆದಿದ್ದಳೋ, ಈಗ ಯಾವುದೋ ಊರಿನಲ್ಲಿ ಯಾರೋ ತನ್ನನ್ನು ಹಾಗೆ ನೆನೆದಿರಬಹುದು ಎಂಬುದು ಅವಳಿಗೆ ನಂಬಲಾಗಲಿಲ್ಲ. ಹೆಮ್ಮೆ ಎನ್ನುವಂತಿರಲಿಲ್ಲ ಅದು. ಕೆರೆಯ ಏರಿಯ ಮೇಲೆ ನಿಂತು, ಇಷ್ಟು ನೀರಿತ್ತೇ ಎಂದು ನೋಡಿದಂತಿತ್ತು.

ಮನೆಗೆ ಬಂದು ತಂದೆಗೆ ತೋರಿಸಿದಳು. ನಂಜಪ್ಪ ಕಾಂಬೋಡಿಯಾದ ಅಕ್ಷರಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. “ಇದ್ಕೆ ಮೊಳೆ ಕೆತ್ತಿದೋನು ಯಾವನೋ, ಅವನ ಕೈಗೆ ಕಡಗ ತೊಡಿಸ್ಬೇಕು,” ಎಂದರು. ಅದರ ಮೇಲಿದ್ದ ತಮ್ಮದೇ ಮಾತನ್ನು ಎರಡು ಸಲ ಓದಿದರು. ಆ ವಾರವೆಲ್ಲ ಪ್ರೆಸ್ಸಿಗೆ ಬಂದವರಿಗೆಲ್ಲ ಕಾಫಿ ತರಿಸಿಕೊಟ್ಟರು.

ಬೆರಗಿನ ಬೆನ್ನಿಗೇ ಭಯ ಬಂತು. ಮಾಗಡಿ ತಾಲ್ಲೂಕಿನ ಶಾಲೆಯೊಂದರ ಮೇಷ್ಟ್ರು ಮುನಿರಾಮಯ್ಯ ಎಂಬವರು ಆ ತುಂಡಿನ ಪುಟದಲ್ಲಿ ಹೀಗೆ ಬರೆದಿದ್ದರು: ‘ಅಮ್ಮಾ, ನಿಮ್ಮ ಅಕ್ಷರ ಎಣಿಸುವ ಕೋಡ್ ಬಳಸಿ ಮಕ್ಕಳಿಗೆ ಆಟವೊಂದನ್ನು ಮಾಡಿದ್ದೇನೆ. ‘ಬಸ್ ಬಂತು’ ಎಂಬುದಕ್ಕೆ ಎರಡನೇ ತರಗತಿಯ ಕವನ ಬೆರಳು ಮಡಚಿ ನಾಲ್ಕು ಎಂದಳು. ಕಂಪ್ಯೂಟರ್ ಮೂರು ಎಂದಿತು. ಅವಳು ಒಪ್ಪುತ್ತಿಲ್ಲ. ನನಗೂ ಅವಳದೇ ಸರಿ ಎನಿಸುತ್ತದೆ. ದಯವಿಟ್ಟು ನೋಡಿ.’

ಸೌಮ್ಯಶ್ರೀ ನೋಡಿದಳು.  ಎಣಿಸುವ ಮೊದಲು ಪದಗಳ ನಡುವಿನ ಖಾಲಿ ಜಾಗವನ್ನು ಕಿತ್ತುಹಾಕುವಂತೆ ಅವಳು ಬರೆದಿದ್ದಳು. ಜಾಗ ಹೋದದ್ದೇ, ‘ಸ್’ ಎಂಬ ಅರ್ಧಾಕ್ಷರ ಪಕ್ಕದ ಪದದ ‘ಬಂ’ ಅನ್ನು ತನ್ನ ಕೂಸೆಂದು ಎತ್ತಿಕೊಂಡುಬಿಡುತ್ತಿತ್ತು. ತಿದ್ದುವುದಕ್ಕೆ ಒಂದು ಸಾಲು ಸಾಕಾಯಿತು. ಆದರೆ ತಿದ್ದಿದ್ದು ತನ್ನಲ್ಲಿರುವ ಪ್ರತಿ. ಜನ ನಕಲು ಮಾಡಿಕೊಂಡು ಹೋದ ಪ್ರತಿಗಳೆಲ್ಲ ಆ ತಪ್ಪನ್ನು ಹೊತ್ತೇ ಊರೂರಲ್ಲಿ ಕೂತಿವೆ. ಬಸ್ಸಿನಲ್ಲಿ ಕೂತು ಬೆರಗಿನಿಂದ ನೋಡಿದ ಅದೇ ಪಟ್ಟಿಯನ್ನು ಈಗ ಮತ್ತೆ ತೆರೆದು ಒಂದೊಂದೇ ಎಣಿಸಿದಳು. ಎಷ್ಟು ಮಕ್ಕಳಿಗೆ ಸರಿಯುತ್ತರಕ್ಕೆ ತಪ್ಪು ಬಿದ್ದಿದೆಯೋ!

“ಅಚ್ಚಾಗೋದ್ಮೇಲೆ ತಪ್ಪು ಕಂಡ್ರೆ ಏನ್ಮಾಡ್ತಿದ್ರಪ್ಪ ನೀವು?”

“ಮನೆಮನೆಗೂ ಓಗಿ ತಿದ್ದಿ ಬರೋದು. ಒಂದ್ಸಲ ಮುಹೂರ್ತದ ವೇಳೆನೇ ತಪ್ಪೋಗಿತ್ತು. ಸೈಕಲ್ ತಗೊಂಡು ಕೈಲಾಂಚದವರ್ಗೂ ಓಗಿದ್ದೆ.”

ಅವಳೂ ಹೊರಟಳು, ಸೈಕಲ್ ಬೇಕಾಗಲಿಲ್ಲ ಅಷ್ಟೆ. ಪಾಠ ಮುಗಿದ ಮೇಲೆ ಪ್ರತಿಮಾಳನ್ನೂ ಕೂರಿಸಿಕೊಂಡು ಒಂದೊಂದು ಪ್ರತಿಯ ಬಾಗಿಲಿಗೂ ಹೋಗಿ, ‘ಇದರಲ್ಲಿ ನನ್ನ ತಪ್ಪಿದೆ, ಹೀಗೆ ತಿದ್ದಿಕೊಳ್ಳಿ’ ಎಂದು ಬರೆದಳು. ಯಾರಾದರೂ ಬೈಯುತ್ತಾರೆ ಎಂದುಕೊಂಡಿದ್ದಳು. ಧಾರವಾಡದವರು ಅಂದೇ ತಿದ್ದಿದರು. ಹುಬ್ಬಳ್ಳಿಯ ಹುಡುಗರು, ‘ಅಕ್ಕಾರ, ನೀವು ಇದ್ದೀರಿ ಅಂತನ ಗೊತ್ತಿರಲಿಲ್ಲರಿ, ಯಾರೋ ಭಾಳ ವಯಸ್ಸಾದ ಪಂಡಿತರು ಬರದಾರ ಅಂದ್ಕೊಂಡಿದ್ವಿ’ ಎಂದು ಬರೆದರು. ಗುರುತಿಲ್ಲದ ಯಾರು ಯಾರೋ ತಾವೇ ಮುಂದೆ ಬಂದು, ಅವಳ ಕಣ್ಣಿಗೆ ಬೀಳದ ಪ್ರತಿಗಳನ್ನು ಹುಡುಕಿ ತಿದ್ದಿದರು. ಒಂದಷ್ಟು ಕಡೆಯಿಂದ ಉತ್ತರವೇ ಬರಲಿಲ್ಲ. ಆ ಪುಟಗಳನ್ನು ತಿದ್ದಿದ್ದಾರೋ ಎಂದು ಅವಳು ಆಗಾಗ ಹೋಗಿ ನೋಡುತ್ತಿದ್ದಳು.

ಹೊಸ ಹಾಳೆ ಅಚ್ಚಾಯಿತು. ಕೆಳಗೆ ‘ತಪ್ಪು ಹುಡುಕಿದವರು: ಕವನ, ಎರಡನೇ ತರಗತಿ’ ಎಂದು ಹಾಕಿಸಿ, ಒಂದು ಕಟ್ಟು ಹಿಡಿದುಕೊಂಡು ಸೌಮ್ಯಶ್ರೀ ಮಾಗಡಿಯ ಬಸ್ಸು ಹತ್ತಿದಳು.

ಕವನ ಬಿಗಿಯಾಗಿ ಎರಡು ಜಡೆ ಹಾಕಿದ್ದ ಹುಡುಗಿ. ಹಾಳೆಯಲ್ಲಿ ತನ್ನ ಹೆಸರು ಓದಿ, ಅದು ತಾನೇ ಹೌದೋ ಅಲ್ಲವೋ ಎಂಬಂತೆ ಮೇಷ್ಟ್ರ ಮುಖ ನೋಡಿದಳು. ತಪ್ಪಿನ ಬಗ್ಗೆ ತಾನು ಬರೆದದ್ದಕ್ಕೆ ಕಾಂಬೋಡಿಯಾದವನು ಕೊಟ್ಟ ಉತ್ತರವನ್ನು ಸೌಮ್ಯಶ್ರೀ ಮಕ್ಕಳಿಗೆ ಹೇಳಿದಳು. ಅವರ ಭಾಷೆಯಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿಯೇ ಇಲ್ಲವಂತೆ, ಹಾಗಾಗಿ ಆ ತಪ್ಪು ಅವನನ್ನು ಕಾಡಿರಲಿಲ್ಲ. ಆದರೂ ಅವನು ‘ಬಸ್ ಬಂತು’ ಎಂಬುದನ್ನು ತನ್ನ ಕೋಡಿನ ಪರೀಕ್ಷೆಗಳಲ್ಲಿ ಸೇರಿಸಿದ್ದ. ಅಲ್ಲಿ ಯಾರು ಏನು ಬದಲಾಯಿಸಿದರೂ, ಯಂತ್ರ ಮೊದಲು ಅದನ್ನು ಎಣಿಸಿ, ನಾಲ್ಕು ಬಂದರೆ ಮಾತ್ರ ಮುಂದೆ ಬಿಡುತ್ತದೆ.

ಕವನ ಕೈಯೆತ್ತಿದಳು.

“ಅಲ್ಲೂ ಬಸ್ ಐತಾ ಮಿಸ್?”

“ಗೊತ್ತಿಲ್ಲ ಪುಟ್ಟಿ. ಕೇಳ್ತೀನಿ.”

ಅಲ್ಲೇ ನಿಂತು ಅವನಿಗೆ ಬರೆದು ಕೇಳಿದಳು. ಮಕ್ಕಳು ಬಿಸಿಯೂಟದ ತಟ್ಟೆ ತೊಳೆದು ಬರುವಷ್ಟರಲ್ಲಿ ಉತ್ತರ ಬಂದಿತ್ತು: ಮಾತಿಲ್ಲ, ಬರೀ ಒಂದು ಫೋಟೊ. ಧೂಳು ಹಿಡಿದ ಬಸ್ಸು, ನೆತ್ತಿಯ ಮೇಲೆ ಊರಿನ ಹೆಸರಿನ ಬೋರ್ಡು. ಮುನಿರಾಮಯ್ಯ ಅದನ್ನು ತರಗತಿಯ ಟಿವಿಯ ಮೇಲೆ ದೊಡ್ಡದು ಮಾಡಿ ತೋರಿಸಿದರು. ಗದ್ದಲ ತಣ್ಣಗಾಯಿತು. ಮಕ್ಕಳು ಆ ಬಳ್ಳಿಯಂಥ ಅಕ್ಷರಗಳನ್ನು ಬಾಯಿ ತೆರೆದು ನೋಡಿದರು. ಆಮೇಲೆ ಯಾರೂ ಹೇಳದೆಯೇ, ಒಬ್ಬೊಬ್ಬರಾಗಿ ಬೆರಳು ಮಡಚಿ ಎಣಿಸತೊಡಗಿದರು. ಕೆಳಗಿರುವುದು ಬೇರೆ ಅಕ್ಷರ ಎಂದು ಕೆಲವರು, ಅಲ್ಲ, ಮೇಲಿನದಕ್ಕೇ ಸೇರಿದ ಒತ್ತು ಎಂದು ಕೆಲವರು. ಜಗಳ ಜೋರಾಯಿತು. ಸೌಮ್ಯಶ್ರೀ ಹಿಂದಿನ ಬೆಂಚಿನಲ್ಲಿ, ಮಕ್ಕಳ ನಡುವೆ ಇಕ್ಕಟ್ಟಿನಲ್ಲಿ ಕೂತು, ತಾನೂ ಬೆರಳು ಮಡಚಿದಳು. ಉತ್ತರ ಅವಳಿಗೂ ಗೊತ್ತಿರಲಿಲ್ಲ.